ಪಾರ್ಸೆಲ್ ಹೋಯಿತು, ಉಳಿದದ್ದೆಷ್ಟು? ದಾವಣಗೆರೆ–ಚಿತ್ರದುರ್ಗದ ಆನ್‌ಲೈನ್ ವ್ಯಾಪಾರದ ಲೆಕ್ಕ

ಕಳೆದ ದೀಪಾವಳಿ ತಿಂಗಳಲ್ಲಿ ದಾವಣಗೆರೆ ನಿಟುವಳ್ಳಿಯ ನಮ್ಮ ಅತ್ತಿಗೆಯ ಮನೆಯಿಂದ 300 ಪಾರ್ಸೆಲ್ ಹೊರಟವು. ಒಂದೊಂದರಲ್ಲಿ ಅರ್ಧ ಕಿಲೋ ಶೇಂಗಾ ಚಟ್ನಿಪುಡಿ, ಬೆಲೆ 300 ರೂಪಾಯಿ. ಮೊಬೈಲಿನಲ್ಲಿ ಕಾಣುತ್ತಿದ್ದ ವ್ಯಾಪಾರ 90,000 ರೂಪಾಯಿ. ಮನೆಯವರೆಲ್ಲ ಖುಷಿಯಲ್ಲಿದ್ದರು. ತಿಂಗಳು ಮುಗಿದಾಗ ಮಾತ್ರ ಶೇಂಗಾ ಕೊಟ್ಟ ಅಂಗಡಿಯ ಉದ್ರಿ ತೀರಿಸಲು ಅವರ ಕೈಯಲ್ಲಿ ದುಡ್ಡಿರಲಿಲ್ಲ. "ಆರ್ಡರ್ ಬರ್ತಾನೇ ಐತಪ್ಪ, ದುಡ್ಡು ಎಲ್ಲಿ ಹೋಗ್ತೈತೋ ತಿಳೀತಿಲ್ಲ" ಎಂದು ನೋಟ್‌ಬುಕ್ ತಂದು ನನ್ನ ಮುಂದಿಟ್ಟರು.

ಇಬ್ಬರೂ ಕೂತು ಬರೆದೆವು. ಶೇಂಗಾ, ಕೊಬ್ಬರಿ, ಒಣಮೆಣಸಿನಕಾಯಿ, ಬೆಳ್ಳುಳ್ಳಿ, ಗ್ಯಾಸ್ ಎಲ್ಲ ಸೇರಿ ಒಂದು ಪ್ಯಾಕೆಟ್ಟಿಗೆ 100 ರೂಪಾಯಿ. ಪೌಚು, ಡಬ್ಬಿ, ಟೇಪು 20. ಕೊರಿಯರ್ 90. ಮಾರಾಟದ ಆ್ಯಪಿನವರ ಶುಲ್ಕ 40. ಜಾಹೀರಾತಿಗೆ ಸುರಿದದ್ದನ್ನು ಹಂಚಿದರೆ ಪಾರ್ಸೆಲ್ಲಿಗೆ 20. ಒಟ್ಟು 270 ಖರ್ಚು, 30 ರೂಪಾಯಿ ಉಳಿತಾಯ. ಇಲ್ಲಿಯವರೆಗೆ ಅತ್ತಿಗೆಗೂ ಗೊತ್ತಿತ್ತು. ಅವರು ಬರೆಯದೇ ಬಿಟ್ಟದ್ದು ವಾಪಸ್ ಬಂದ 30 ಪಾರ್ಸೆಲ್‌ಗಳನ್ನು. ಕ್ಯಾಶ್ ಆನ್ ಡೆಲಿವರಿ ಆರ್ಡರುಗಳು ಅವು. ಬಾಗಿಲಿಗೆ ಹುಡುಗ ಹೋದಾಗ ಕೊಂಡವರು ಫೋನ್ ಎತ್ತಲಿಲ್ಲ, ಇಲ್ಲವೇ ಬೇಡ ಎಂದರು. ಹೋಗುವ ಬಾಡಿಗೆ 90, ಬರುವ ಬಾಡಿಗೆ 90, ಡಬ್ಬಿ 20, ಜಾಹೀರಾತು 20. ಹದಿನೈದು ದಿನ ಲಾರಿಯಲ್ಲಿ ಸುತ್ತಿ ಬಂದ ಚಟ್ನಿಪುಡಿಯನ್ನು ಇನ್ನೊಬ್ಬರಿಗೆ ಮಾರುವಂತಿಲ್ಲ, ಅದೂ 100 ರೂಪಾಯಿ ಹೋಯಿತು. ವಾಪಸ್ ಬಂದ ಒಂದೊಂದಕ್ಕೂ 320 ರೂಪಾಯಿ ನಷ್ಟ.

ಮಾರಾಟವಾದ 270ರಿಂದ ಬಂದದ್ದು 8,100. ವಾಪಸಾದ 30ರಿಂದ ಹೋದದ್ದು 9,600. ಹಬ್ಬದ ತಿಂಗಳಿಡೀ ಬೆಳಗಿನ ಐದಕ್ಕೆದ್ದು ಶೇಂಗಾ ಹುರಿದದ್ದಕ್ಕೆ ಕೈಯಿಂದಲೇ 1,500 ರೂಪಾಯಿ ಹಾಕಿದಂತಾಯಿತು. ಅವರ ದುಡಿಮೆಗೆ ಆ ನೋಟ್‌ಬುಕ್ಕಿನಲ್ಲಿ ಒಂದು ಕಾಲಮ್ಮೂ ಇರಲಿಲ್ಲ.

ಆನ್‌ಲೈನ್ ವ್ಯಾಪಾರ ಶುರುಮಾಡಿದವರು ಗಟ್ಟಿಯಾಗಿ ನೆಲೆ ನಿಲ್ಲುವುದು ಹೇಗೆ ಎಂಬ ಬಗ್ಗೆ ಇವತ್ತು ಉಪದೇಶಕ್ಕೆ ಬರವಿಲ್ಲ. ಫಾಲೋವರ್ಸ್ ಹೆಚ್ಚಿಸಿ, ದಿನಕ್ಕೊಂದು ರೀಲ್ಸ್ ಹಾಕಿ, ಜಾಹೀರಾತಿಗೆ ಹಣ ಹೂಡಿ ಎನ್ನುವವರೇ ಎಲ್ಲ. ಅವೆಲ್ಲ ಆರ್ಡರ್ ತರುತ್ತವೆ, ನಿಜ. ಆದರೆ ಒಂದು ಪಾರ್ಸೆಲ್ಲಿಗೆ 30 ರೂಪಾಯಿ ಉಳಿದು, ಹತ್ತರಲ್ಲೊಂದು ವಾಪಸ್ ಬರುವ ವ್ಯಾಪಾರಕ್ಕೆ ಹೆಚ್ಚು ಆರ್ಡರ್ ಬಂದಷ್ಟೂ ಹಾನಿ ಹೆಚ್ಚು. ಸಣ್ಣ ಊರಿನಿಂದ ಮಾರುವವರಿಗೆ ಮೊದಲು ಬೇಕಾದದ್ದು ಒಂದು ಪಾರ್ಸೆಲ್ಲಿನ ಪೂರ್ತಿ ಲೆಕ್ಕ. ಎರಡನೆಯದು, ಒಮ್ಮೆ ಕೊಂಡವರು ಮತ್ತೆ ಬರುವ ದಾರಿ. ಇವೆರಡೂ ಕೂಡಿದ ಮೇಲೆ ಬೆಳೆಸುವ ಮಾತು.

ಯಾವ ಸರಕು ಪ್ರಯಾಣ ಮಾಡುತ್ತದೆ

ನಮ್ಮ ಎರಡು ಜಿಲ್ಲೆಗಳ ಸರಕನ್ನೇ ಎದುರಿಗಿಟ್ಟುಕೊಂಡು ನೋಡೋಣ. ದಾವಣಗೆರೆ ಎಂದ ಕೂಡಲೇ ಮಂಡಕ್ಕಿ. ಭಟ್ಟಿಗಳಲ್ಲಿ ದಿನವೂ ಚೀಲಗಟ್ಟಲೆ ಹುರಿದು ಲಾರಿಗೇರುತ್ತದೆ. ಬೆಂಗಳೂರಿನಲ್ಲೋ ಪುಣೆಯಲ್ಲೋ ಇರುವ ದಾವಣಗೆರೆಯವರಿಗೆ ಊರಿನ ಮಂಡಕ್ಕಿಯ ಆಸೆ ಇದ್ದೇ ಇದೆ. ಹಾಗಾಗಿ ಆನ್‌ಲೈನ್‌ನಲ್ಲಿ ಮಾರೋಣ ಎಂಬ ಯೋಚನೆ ಬಹಳ ಹುಡುಗರಿಗೆ ಬರುತ್ತದೆ. ಇಲ್ಲಿ ಅಡ್ಡ ಬರುವುದು ಕೊರಿಯರ್‌ನವರ ತೂಕದ ನಿಯಮ. ಅವರು ತಕ್ಕಡಿಯ ತೂಕವನ್ನಷ್ಟೇ ನೋಡುವುದಿಲ್ಲ. ಡಬ್ಬಿಯ ಉದ್ದ, ಅಗಲ, ಎತ್ತರವನ್ನು ಸೆಂಟಿಮೀಟರಿನಲ್ಲಿ ಗುಣಿಸಿ, ಸಾಮಾನ್ಯವಾಗಿ 5,000ದಿಂದ ಭಾಗಿಸಿ, ಬಂದ ಅಂಕಿಯನ್ನೂ ತೂಕವೆಂದೇ ಹಿಡಿಯುತ್ತಾರೆ. ಎರಡರಲ್ಲಿ ಯಾವುದು ಹೆಚ್ಚೋ ಅದಕ್ಕೆ ಬಾಡಿಗೆ. ಒಂದು ಕಿಲೋ ಮಂಡಕ್ಕಿ ತುಂಬಲು 30, 25, 15 ಸೆಂಟಿಮೀಟರಿನ ಡಬ್ಬಿ ಬೇಕೆನ್ನಿ. ಗುಣಿಸಿದರೆ 11,250, ಭಾಗಿಸಿದರೆ 2.25 ಕಿಲೋ. ಅರ್ಧ ಕಿಲೋ ಲೆಕ್ಕದಲ್ಲಿ ಏರಿಸಿದರೆ ಎರಡೂವರೆ ಕಿಲೋದ ಬಾಡಿಗೆ. ಡಬ್ಬಿಯೊಳಗಿನ ಸರಕಿಗಿಂತ ಬಾಡಿಗೆಯೇ ದುಬಾರಿ. ಮಳೆಗಾಲದಲ್ಲಿ ಮೆತ್ತಗಾಗುವ ಭಯ ಬೇರೆ.

ಅದಕ್ಕೆ ಉತ್ತರ ಮಂಡಕ್ಕಿಯನ್ನು ಬಿಟ್ಟುಬಿಡುವುದಲ್ಲ. ಮಂಡಕ್ಕಿ ಎಲ್ಲ ಊರಲ್ಲೂ ಸಿಗುತ್ತದೆ. ಸಿಗದಿರುವುದು ಮಸಾಲೆಪುಡಿ ಹಾಕಿ ಕಲಸುವ ನಮ್ಮ ನರ್ಗಿಸ್ ಮಂಡಕ್ಕಿಯ ಮಸಾಲೆ. 100 ಗ್ರಾಂ ಮಸಾಲೆಪುಡಿಯ ಪೌಚು ಅಂಗೈಯಲ್ಲಿ ಹಿಡಿಯುತ್ತದೆ, ತಿಂಗಳುಗಟ್ಟಲೆ ಕೆಡುವುದಿಲ್ಲ, ಅಂಚೆಯಲ್ಲಿ ಕಳಿಸಿದರೂ ಆಯಿತು. ಹೇಗೆ ಕಲಸಬೇಕೆಂದು ಒಂದು ನಿಮಿಷದ ವಿಡಿಯೋ ಮಾಡಿದರೆ ಜಾಹೀರಾತೂ ಅದೇ. ರುಚಿಯನ್ನು ಕಳಿಸಬಹುದಾದ ಕಡೆ ಗಾಳಿ ತುಂಬಿದ ಚೀಲಕ್ಕೆ ಬಾಡಿಗೆ ಕಟ್ಟುವುದೇಕೆ?

ಚಳ್ಳಕೆರೆಯದು ಇನ್ನೊಂದು ತೊಡಕು. ಎಣ್ಣೆ ನಗರಿ ಎಂದು ಹೆಸರಾದ ಊರು. ಗಾಣದ ಶೇಂಗಾ ಎಣ್ಣೆಗೆ ಪಟ್ಟಣದವರು ಒಳ್ಳೆಯ ಬೆಲೆ ಕೊಡಲು ಸಿದ್ಧರಿದ್ದಾರೆ. ಆದರೆ ಐದು ಲೀಟರಿನ ಕ್ಯಾನು ತೂಕ. ಒಂದು ಕ್ಯಾನು ಸೋರಿದರೆ ಪಕ್ಕದ ನಾಲ್ಕು ಪಾರ್ಸೆಲ್ಲೂ ಹಾಳು. ದೇಶಕ್ಕೆಲ್ಲ ಮಾರುತ್ತೇನೆಂದು ಹೊರಟರೆ ಬಾಡಿಗೆ ಮತ್ತು ಸೋರಿಕೆಯಲ್ಲೇ ಲಾಭ ಹರಿದುಹೋಗುತ್ತದೆ. ನನ್ನ ಎಣಿಕೆಯಲ್ಲಿ ಇಂಥ ಸರಕಿಗೆ ಬೆಂಗಳೂರೊಂದೇ ಸಾಕಷ್ಟು ದೊಡ್ಡ ಮಾರುಕಟ್ಟೆ. ಕೆಎಸ್ಆರ್‌ಟಿಸಿಯ 'ನಮ್ಮ ಕಾರ್ಗೋ' ಸೇವೆ 2021ರಲ್ಲಿ ಶುರುವಾಯಿತು. ರಾತ್ರಿ ಬಸ್ಸಿಗೆ ಹಾಕಿದರೆ ಬೆಳಿಗ್ಗೆ ಅಲ್ಲಿ. ಒಂದೇ ಬಡಾವಣೆಯ ಹತ್ತು ಮನೆಯ ಆರ್ಡರನ್ನು ವಾರಕ್ಕೊಮ್ಮೆ ಕೂಡಿಸಿ ಕಳಿಸಿದರೆ, ಅಲ್ಲಿರುವ ನೆಂಟರೊಬ್ಬರು ಹಂಚಿದರೆ, ಕ್ಯಾನಿಗೆ ಬೀಳುವ ಬಾಡಿಗೆ ಬಹಳ ಕಡಿಮೆಯಾಗುತ್ತದೆ. ಆರ್ಡರ್ ತಗೊಳ್ಳುವುದು ವಾಟ್ಸ್‌ಆ್ಯಪಿನಲ್ಲಿ, ಹಣ ಯುಪಿಐಯಲ್ಲಿ, ಸಾಗಾಟ ಬಸ್ಸಿನಲ್ಲಿ. ಇದೂ ಆನ್‌ಲೈನ್ ವ್ಯಾಪಾರವೇ. ಇದಕ್ಕೆ ದೊಡ್ಡ ವೆಬ್‌ಸೈಟಿನ ಅಗತ್ಯವೂ ಇಲ್ಲ.

ಮೊಳಕಾಲ್ಮೂರು ಸೀರೆಯ ಕಥೆ ಇದಕ್ಕೆ ತದ್ವಿರುದ್ಧ. ಒಂದು ಕಿಲೋ ಒಳಗಿನ ತೂಕ, ಸಾವಿರಗಳ ಬೆಲೆ. ಬಾಡಿಗೆ ಲೆಕ್ಕಕ್ಕೇ ಬರುವುದಿಲ್ಲ. ಇದು ಈ ಊರಿನದೇ ಸರಕು ಎಂದು ಗುರುತಿಸುವ ಭೌಗೋಳಿಕ ಸೂಚಿಕೆಯ (ಜಿಐ) ಮಾನ್ಯತೆಯೂ ಇದೆ. ಇಷ್ಟೆಲ್ಲ ಅನುಕೂಲವಿದ್ದರೂ ಮಗ್ಗದ ಮುಂದೆ ಕೂತವರ ಕೈಗೆ ಆನ್‌ಲೈನ್ ದುಡ್ಡು ಬರುವುದು ಕಷ್ಟ. ಕಾರಣ ಎರಡು. ಕೈಮಗ್ಗದಲ್ಲಿ ಒಂದು ಸೀರೆಗೆ ದಿನಗಟ್ಟಲೆ ಹಿಡಿಯುತ್ತದೆ. ವಿಡಿಯೋ ಒಂದು ಎಲ್ಲೆಡೆ ಓಡಿ ಐವತ್ತು ಆರ್ಡರ್ ಬಂದರೆ ಅಷ್ಟನ್ನು ಕೊಡಲು ಮಗ್ಗವೇ ಇಲ್ಲ. ಆಗ ನಡುವಿನವರು ಪವರ್‌ಲೂಮಿನ ಸೀರೆಯನ್ನು ಅದೇ ಹೆಸರಿನಲ್ಲಿ ಕಳಿಸಿಬಿಡುತ್ತಾರೆ. ಕೊಂಡವರು ಮೋಸಹೋಗುತ್ತಾರೆ, ಹೆಸರು ಕೆಡುವುದು ನೇಕಾರರದು. ಎರಡನೆಯದು ಬಣ್ಣ. ಮೊಬೈಲಿನಲ್ಲಿ ಕಂಡ ಬಣ್ಣ ಕೈಗೆ ಬಂದಾಗ ಬೇರೆಯಾದರೆ ಸೀರೆ ವಾಪಸ್. ಮಡಿಕೆ ಬಿಚ್ಚಿದ ರೇಷ್ಮೆ ಸೀರೆಗೆ ಮತ್ತೆ ಹೊಸದರ ಬೆಲೆ ಇಲ್ಲ.

ನೇಕಾರರ ಮನೆಯ ಮಕ್ಕಳೇ ಈ ವ್ಯಾಪಾರಕ್ಕಿಳಿಯಬೇಕೆಂದು ನನಗೆ ಬಲವಾಗಿ ಅನ್ನಿಸುವುದು ಇದಕ್ಕೇ. ಅಪ್ಪಟ ರೇಷ್ಮೆ ಎಂದು ಹೇಳುವ ಸಿಲ್ಕ್ ಮಾರ್ಕ್ ಮತ್ತು ಕೈಮಗ್ಗದ ಗುರುತಿನ ಚೀಟಿ ಸೀರೆಗೆ ಅಂಟಿರಲಿ. ಹಗಲು ಬೆಳಕಿನಲ್ಲಿ, ಅಂಗಳದಲ್ಲಿ, ಯಾವ ಫಿಲ್ಟರೂ ಇಲ್ಲದೆ ತೆಗೆದ ಫೋಟೋ ಇರಲಿ. ಇದೇ ಸೀರೆ ಮಗ್ಗದ ಮೇಲಿದ್ದಾಗಿನ ವಿಡಿಯೋ ಇರಲಿ. "ತಿಂಗಳಿಗೆ ಇಷ್ಟೇ ಸೀರೆ, ಮುಂಗಡ ಕೊಟ್ಟವರಿಗೆ ಸರದಿಯಂತೆ" ಎಂದು ನೇರವಾಗಿ ಹೇಳಲಿ. ಕಾಯುವ ಗಿರಾಕಿ ಕಡಿಮೆ ಸಿಗುತ್ತಾರೆ, ಆದರೆ ಸಿಕ್ಕವರು ಮಗಳ ಮದುವೆಗೂ ಇಲ್ಲಿಗೇ ಬರುತ್ತಾರೆ.

ನೂರು ಗ್ರಾಂ ಕಡಿಮೆ ಮಾಡಿದಾಗ

ಅತ್ತಿಗೆಯ ನೋಟ್‌ಬುಕ್ಕಿಗೆ ಮರಳೋಣ. ಅರ್ಧ ಕಿಲೋ ಪುಡಿಗೆ 90 ರೂಪಾಯಿ ಬಾಡಿಗೆ ಯಾಕೆ ಬಿತ್ತು? ಕೊರಿಯರ್ ದರ ಅರ್ಧ ಅರ್ಧ ಕಿಲೋದ ಮೆಟ್ಟಿಲಲ್ಲಿ ಏರುತ್ತದೆ. ಪುಡಿ 500 ಗ್ರಾಂ, ಡಬ್ಬಿ ಸೇರಿ 570. ಮೊದಲ ಮೆಟ್ಟಿಲು ದಾಟಿದ್ದರಿಂದ ಒಂದು ಕಿಲೋದ ಬಾಡಿಗೆ. ಆ 70 ಗ್ರಾಂ ರಟ್ಟಿಗಾಗಿ ಪ್ರತಿ ಪಾರ್ಸೆಲ್ಲಿಗೂ ಇಪ್ಪತ್ತೈದು ರೂಪಾಯಿ ಹೆಚ್ಚಿಗೆ ಕಟ್ಟಿದ್ದರು.

ಪ್ಯಾಕೆಟ್ಟನ್ನು 400 ಗ್ರಾಂಗೆ ಇಳಿಸಿ, ಬೆಲೆ 260 ಇಟ್ಟೆವು. ತೂಕ ಕಡಿಮೆಯಾದದ್ದನ್ನು ಪ್ಯಾಕೆಟ್ಟಿನ ಮೇಲೂ ಫೋಟೋದ ಕೆಳಗೂ ಎದ್ದು ಕಾಣುವಂತೆ ಬರೆದೆವು. ಮುಚ್ಚಿಟ್ಟು ತೂಕ ಕಡಿಮೆ ಮಾಡುವುದು ಮೋಸ, ಹೇಳಿ ಮಾಡುವುದು ವ್ಯಾಪಾರ. ಈಗ ಸರಕು 80, ಡಬ್ಬಿ 20, ಬಾಡಿಗೆ 65, ಶುಲ್ಕ 35, ಜಾಹೀರಾತು 20. ಒಟ್ಟು 220, ಉಳಿತಾಯ 40. ಬೆಲೆ ಇಳಿದರೂ ಉಳಿತಾಯ ಏರಿತು. ಆದರೂ ಹತ್ತರಲ್ಲೊಂದು ವಾಪಸಾದರೆ 250 ರೂಪಾಯಿ ಹೋಗಿ, ಸರಾಸರಿ ಒಂದಕ್ಕೆ 11 ರೂಪಾಯಿ ಮಾತ್ರ ನಿಲ್ಲುತ್ತದೆ. ಹತ್ತರಲ್ಲಿ ಎರಡು ವಾಪಸಾದರೆ ಹತ್ತು ಪಾರ್ಸೆಲ್ಲಿಗೆ 180 ರೂಪಾಯಿ ಕೈಯಿಂದ.

ನಿಜವಾದ ತಿರುವು ಬಂದದ್ದು ಎರಡು ಪ್ಯಾಕೆಟ್ಟನ್ನು ಒಟ್ಟಿಗೆ ಮಾರಿದಾಗ. ಒಂದು ಶೇಂಗಾ, ಒಂದು ಅಗಸೆ ಚಟ್ನಿಪುಡಿ, ಜೋಡಿಗೆ 520. ಸರಕು 160, ಡಬ್ಬಿ 25, ಬಾಡಿಗೆ 100, ಶುಲ್ಕ 70, ಜಾಹೀರಾತು ಅದೇ 20. ಖರ್ಚು 375, ಉಳಿತಾಯ 145. ಒಂಟಿ ಪ್ಯಾಕೆಟ್ ಎರಡು ಮಾರಿದರೆ 80 ಉಳಿಯುತ್ತಿತ್ತು. ಅದೇ ಶೇಂಗಾ, ಅದೇ ಕೈ, ಅದೇ ಒಲೆ. ಡಬ್ಬಿಯೊಂದು ಕಡಿಮೆಯಾದದ್ದಕ್ಕೆ ಇಷ್ಟು ವ್ಯತ್ಯಾಸ. ಓದುವವರು ತಮ್ಮ ಊರಿನ ಕೊರಿಯರ್ ದರ, ತಮ್ಮ ಸರಕಿನ ಬೆಲೆ ಹಾಕಿಕೊಂಡು ಇದನ್ನೇ ಮಾಡಿ ನೋಡಬೇಕು. ಅಂಕಿ ಬದಲಾಗುತ್ತದೆ, ಲೆಕ್ಕದ ಜಾಡು ಬದಲಾಗುವುದಿಲ್ಲ.

ವಾಪಸಾತಿಗೆ ಮದ್ದು ಇನ್ನೂ ಸರಳ. ಮುಂಚಿತವಾಗಿ ಹಣ ಕಟ್ಟಿದವರಿಗೆ 20 ರೂಪಾಯಿ ಕಡಿತ. ನೇರವಾಗಿ ಆರ್ಡರ್ ಕೊಟ್ಟು ಕ್ಯಾಶ್ ಆನ್ ಡೆಲಿವರಿ ಬೇಕೇ ಬೇಕೆಂದವರಿಗೆ ಕಳಿಸುವ ಮೊದಲು ಒಂದು ಫೋನು: "ಅಕ್ಕಾ, ದಾವಣಗೆರೆಯಿಂದ ಮಾತಾಡ್ತಿದೀನಿ, ಚಟ್ನಿಪುಡಿ ನಾಳೆ ಕಳಿಸ್ಲಾ?" ಈ ಮಾತನ್ನು ಕೇಳಿದವರು ಆಮೇಲೆ ಬಾಗಿಲಲ್ಲಿ ಬೇಡ ಎನ್ನುವುದು ಅಪರೂಪ. ತಮಾಷೆಗೆ ಒತ್ತಿದವರು ಅಲ್ಲೇ ಬೇಡ ಎಂದುಬಿಡುತ್ತಾರೆ, 250 ರೂಪಾಯಿ ಉಳಿಯುತ್ತದೆ.

ದಲಾಲಿಯೂ ಗಿರಾಕಿಯೂ

ದಾವಣಗೆರೆಯವರಿಗೆ ದಲಾಲಿ ಹೊಸದಲ್ಲ. ಎಪಿಎಂಸಿಯಲ್ಲಿ ಮೆಕ್ಕೆಜೋಳ, ಭತ್ತ ಮಾರಿದವರ ಮನೆಯಲ್ಲಿ ಹುಟ್ಟಿದವರಿಗೆ ದಲಾಲಿ ಅಂಗಡಿಯ ಸಂಬಂಧ ಗೊತ್ತು. ದಲಾಲರು ಪಾಲು ಹಿಡಿಯುತ್ತಾರೆ, ಬದಲಿಗೆ ಕೊಳ್ಳುವವರನ್ನು ತರುತ್ತಾರೆ. ಅಮೆಜಾನ್, ಫ್ಲಿಪ್‌ಕಾರ್ಟ್, ಮೀಶೋ ಮಾಡುವುದೂ ಇದನ್ನೇ. ಬೆಂಗಳೂರಿನಲ್ಲಿ 2015ರಲ್ಲಿ ಹುಟ್ಟಿದ ಮೀಶೋ 2021ರಲ್ಲಿ ಕಮಿಷನ್ನನ್ನೇ ತೆಗೆದುಹಾಕಿತು. ಅಮೆಜಾನ್ 2025ರ ಏಪ್ರಿಲ್‌ನಲ್ಲಿ 300 ರೂಪಾಯಿ ಒಳಗಿನ ಬಹಳಷ್ಟು ಸರಕಿಗೆ ಒಂದು ಬಗೆಯ ಶುಲ್ಕ ಬಿಟ್ಟಿತು. ಕೇಳಲು ಹಿತ. ಆದರೆ ಕಮಿಷನ್ ಸೊನ್ನೆಯಾದ ಮೇಲೂ ಸಾಗಾಟ, ವಾಪಸಾತಿ, ಪಟ್ಟಿಯಲ್ಲಿ ಮೇಲೆ ಕಾಣಲು ಕೊಡುವ ಜಾಹೀರಾತಿನ ಹಣ ಹಾಗೇ ಉಳಿಯುತ್ತವೆ. ಹಾಗಾಗಿ ನೋಡಬೇಕಾದದ್ದು ಕಮಿಷನ್ನಿನ ಶೇಕಡಾವಾರನ್ನಲ್ಲ, ಬ್ಯಾಂಕಿಗೆ ಕೊನೆಗೆ ಬಂದು ಬಿದ್ದ ಮೊತ್ತವನ್ನು.

ದೊಡ್ಡ ವ್ಯತ್ಯಾಸ ಇರುವುದು ಬೇರೆಡೆ. ಮಂಡಿಯ ದಲಾಲರ ಅಂಗಡಿಯಲ್ಲಿ ರೈತರಿಗೆ ಖರೀದಿದಾರರ ಮುಖವಾದರೂ ಕಾಣುತ್ತಿತ್ತು. ಆ್ಯಪಿನಲ್ಲಿ ಗಿರಾಕಿಯ ಫೋನ್ ನಂಬರ್ ಮಾರಿದವರ ಕೈಗೆ ಸಿಗುವುದಿಲ್ಲ. ಸಾವಿರ ಜನಕ್ಕೆ ಚಟ್ನಿಪುಡಿ ತಿನ್ನಿಸಿದರೂ ಅವರಲ್ಲಿ ಒಬ್ಬರನ್ನೂ ಮತ್ತೆ ಕರೆಯಲು ಆಗದು. ಇನ್ನೊಬ್ಬರು ಹತ್ತು ರೂಪಾಯಿ ಕಡಿಮೆಗೆ ಅದೇ ಹೆಸರಿನ ಪುಡಿ ಪಟ್ಟಿಗೆ ಹಾಕಿದ ದಿನ ಆ ಸಾವಿರ ಜನವೂ ಅತ್ತ ಸರಿಯುತ್ತಾರೆ. ನನಗೆ ಪರಿಚಯದ ಒಬ್ಬರ ಖಾತೆಯನ್ನು ಒಂದು ಆ್ಯಪಿನವರು ಒಂದು ಬೆಳಿಗ್ಗೆ ಕಾರಣ ತಿಳಿಸದೆ ನಿಲ್ಲಿಸಿದರು. ಮತ್ತೆ ತೆರೆಯುವ ಹೊತ್ತಿಗೆ ಹನ್ನೊಂದು ದಿನ. ಅಷ್ಟು ದಿನ ಅವರ ವ್ಯಾಪಾರ ಸೊನ್ನೆ. ಗಿರಾಕಿಗಳೆಲ್ಲ ಆ್ಯಪಿನವರಾಗಿದ್ದರು, ಇವರದೆಂದು ಹೇಳಿಕೊಳ್ಳಲು ಒಬ್ಬರೂ ಇರಲಿಲ್ಲ.

ಆ್ಯಪು ಬಿಡಿ ಎಂದು ನಾನು ಹೇಳುತ್ತಿಲ್ಲ. ಹೊಸಬರಿಗೆ ಅಷ್ಟು ದೊಡ್ಡ ಸಂತೆ ಬೇರೆಲ್ಲೂ ಸಿಗದು. ಸಂತೆಯಲ್ಲಿ ಗುರುತಾದವರನ್ನು ಮನೆಯ ಅಂಗಡಿಗೆ ಕರೆತರುವ ದಾರಿ ಬೇಕು. ಆ್ಯಪಿನ ನಿಯಮ ಮುರಿದು ಡಬ್ಬಿಯೊಳಗೆ ಚೀಟಿ ತುರುಕುವುದು ಅಪಾಯ, ಖಾತೆಗೇ ಕುತ್ತು. ಆದರೆ ಪ್ಯಾಕೆಟ್ಟಿನ ಮೇಲೆ ತಯಾರಕರ ಹೆಸರು, ವಿಳಾಸ, ಗ್ರಾಹಕರ ದೂರಿಗೆ ಫೋನ್ ನಂಬರ್ ಅಚ್ಚು ಹಾಕುವುದನ್ನು ಕಾನೂನೇ ಕೇಳುತ್ತದೆ. ಅದನ್ನು ಸ್ಪಷ್ಟವಾಗಿ, ದೊಡ್ಡದಾಗಿ, ಕನ್ನಡದಲ್ಲೂ ಹಾಕಲಿ. ರುಚಿ ಹಿಡಿಸಿದವರು ಆ ನಂಬರಿಗೆ ತಾವಾಗಿ ಬರೆಯುತ್ತಾರೆ. ಅತ್ತಿಗೆಯ ವಾಟ್ಸ್‌ಆ್ಯಪ್ ಪಟ್ಟಿಯಲ್ಲಿ ಈಗಿರುವ ಹೆಚ್ಚಿನವರು ಹೀಗೆ ಬಂದವರೇ. ಯುಗಾದಿಗೆ, ಶ್ರಾವಣಕ್ಕೆ ಒಂದೊಂದು ಸಂದೇಶ. ದಿನವೂ ಗುಡ್ ಮಾರ್ನಿಂಗ್ ಕಳಿಸಿದರೆ ಬ್ಲಾಕ್ ಮಾಡಿಯಾರು.

ಕೇಂದ್ರ ಸರ್ಕಾರದ ಉತ್ತೇಜನದಲ್ಲಿ 2021ರ ಕೊನೆಗೆ ಕಂಪನಿಯಾಗಿ ನೋಂದಾಯಿತವಾದ ಒಎನ್‌ಡಿಸಿಯ ಆಲೋಚನೆ ಈ ಹಿಡಿತವನ್ನೇ ಸಡಿಲಿಸುವುದು. ಒಂದು ಕಡೆ ಅಂಗಡಿ ತೆರೆದರೆ ಬೇರೆ ಬೇರೆ ಆ್ಯಪುಗಳಲ್ಲಿ ಕಾಣುವಂತೆ ಮಾಡುವ ಜಾಲ ಅದು. 2022ರಲ್ಲಿ ಬೆಂಗಳೂರು ಸೇರಿದಂತೆ ಐದು ನಗರಗಳಲ್ಲಿ ಪ್ರಯೋಗ ನಡೆಯಿತು. ಸಣ್ಣ ಊರಿನವರಿಗೆ ಒಂದು ಹೆಚ್ಚುವರಿ ಬಾಗಿಲು ಎಂದು ನೋಡಬಹುದು. ಅದನ್ನೇ ನೆಚ್ಚಿ ಕೂರುವಂತಿಲ್ಲ.

ತೆರಿಗೆಯ ಭಯ ಮತ್ತು ತೆರಿಗೆಯ ವಾಸ್ತವ

2025ರ ಜುಲೈಯನ್ನು ಸಣ್ಣ ವ್ಯಾಪಾರಿಗಳು ಮರೆತಿಲ್ಲ. ಯುಪಿಐಯಲ್ಲಿ ಬಂದ ಹಣದ ಆಧಾರದ ಮೇಲೆ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ ನೋಟಿಸು ಕಳಿಸಿತು. ಬೇಕರಿ, ಕಾಂಡಿಮೆಂಟ್ಸ್‌ಗಳ ಮುಂದೆ ಯುಪಿಐ ಇಲ್ಲ, ನಗದು ಮಾತ್ರ ಎಂಬ ಚೀಟಿಗಳು ಅಂಟಿದವು. ಕೊನೆಗೆ ಹಳೆಯ ಬಾಕಿಗೆ ಒತ್ತಾಯಿಸುವುದಿಲ್ಲ, ಮುಂದೆ ನೋಂದಣಿ ಮಾಡಿಸಿಕೊಳ್ಳಿ ಎಂದು ಸರ್ಕಾರ ಹೇಳಿತು. ಆ ಗಲಾಟೆಯಿಂದ ಬಹಳ ಜನ ಕಲಿತದ್ದು ತಪ್ಪು ಪಾಠ: ಆನ್‌ಲೈನ್ ಹಣ ತಗೊಂಡರೆ ಸಿಕ್ಕಿಬೀಳುತ್ತೇವೆ ಎಂಬುದು. ಮನೆಯ ಚೀಟಿ ದುಡ್ಡು, ತಂಗಿಗೆ ಕೊಟ್ಟ ಕೈಗಡ, ಅಡಿಕೆ ಮಾರಿದ ಹಣ, ವ್ಯಾಪಾರದ ಹಣ ಎಲ್ಲವೂ ಒಂದೇ ಖಾತೆಗೆ ಬಿದ್ದರೆ ಇಲಾಖೆಯವರಿಗೆ ಎಲ್ಲವೂ ವ್ಯಾಪಾರದಂತೆಯೇ ಕಾಣುತ್ತದೆ. ವ್ಯಾಪಾರಕ್ಕೆ ಬೇರೆ ಖಾತೆ, ಬೇರೆ ಕ್ಯೂಆರ್. ಮೊದಲ ಪ್ಯಾಕೆಟ್ ಮಾರುವ ಮುನ್ನ ಮಾಡಬೇಕಾದ ಕೆಲಸ ಇದು.

ನಿಯಮ ಹೀಗಿದೆ. ಸರಕು ಮಾರುವವರಿಗೆ ವರ್ಷಕ್ಕೆ 40 ಲಕ್ಷ, ಸೇವೆ ಕೊಡುವವರಿಗೆ 20 ಲಕ್ಷ ವಹಿವಾಟು ದಾಟಿದಾಗ ಜಿಎಸ್‌ಟಿ ನೋಂದಣಿ ಕಡ್ಡಾಯ. ಆದರೆ ಆ್ಯಪುಗಳ ಮೂಲಕ ಸರಕು ಮಾರುವವರಿಗೆ ಹಿಂದೆ ಈ ಮಿತಿಯ ರಕ್ಷಣೆ ಇರಲಿಲ್ಲ, ಮೊದಲ ರೂಪಾಯಿಯಿಂದಲೇ ನೋಂದಣಿ ಬೇಕಿತ್ತು. 2023ರ ಅಕ್ಟೋಬರ್ 1ರಿಂದ ಅದು ಸಡಿಲವಾಯಿತು. ಮಿತಿಯೊಳಗಿನ ವ್ಯಾಪಾರಿ ತನ್ನ ರಾಜ್ಯದೊಳಗೆ ಮಾತ್ರ ಮಾರುವುದಾದರೆ, ಪ್ಯಾನ್ ಕೊಟ್ಟು ಜಿಎಸ್‌ಟಿ ತಾಣದಲ್ಲಿ ಒಂದು ದಾಖಲಾತಿ ಸಂಖ್ಯೆ ಪಡೆದರೆ ಸಾಕು. ಅಂದರೆ ದಾವಣಗೆರೆಯಿಂದ ಬೀದರ್‌ಗೆ ಕಳಿಸಬಹುದು. ಅಷ್ಟೇ ದೂರವೂ ಇಲ್ಲದ ಆಂಧ್ರದ ರಾಯದುರ್ಗಕ್ಕೆ ಮೊಳಕಾಲ್ಮೂರಿನಿಂದ ತೆರಿಗೆ ಬೀಳುವ ಸರಕು ಕಳಿಸಬೇಕೆಂದರೆ ನೋಂದಣಿ ಬೇಕು. ಗಡಿ ತಾಲ್ಲೂಕಿನವರಿಗೆ ಇದು ದೊಡ್ಡ ಅನನುಕೂಲ, ಬದಲಾಗಬೇಕು ಎಂದೇ ನನ್ನ ಅಭಿಪ್ರಾಯ. ಬದಲಾಗುವವರೆಗೆ ಶುರುವಿನ ವರ್ಷ ಕರ್ನಾಟಕದೊಳಗೇ ಮಾರಿ, ಹೊರರಾಜ್ಯದ ಬೇಡಿಕೆ ನಿಜಕ್ಕೂ ಇದೆಯೆಂದು ಖಾತ್ರಿಯಾದ ಮೇಲೆ ನೋಂದಣಿ ಮಾಡಿಸುವುದು ಹಗುರ ದಾರಿ.

ನೋಂದಾಯಿತರ ಹಣದಲ್ಲಿ ಆ್ಯಪಿನವರು ಶೇ 0.5 ಜಿಎಸ್‌ಟಿ ಲೆಕ್ಕದಲ್ಲಿ ಹಿಡಿಯುತ್ತಾರೆ. 2024ರ ಜುಲೈವರೆಗೆ ಅದು ಶೇ 1 ಇತ್ತು. ಆದಾಯ ತೆರಿಗೆಯ ಲೆಕ್ಕದಲ್ಲಿ ಹಿಡಿಯುವ ಶೇ 1 ಕೂಡ 2024ರ ಅಕ್ಟೋಬರ್‌ನಿಂದ ಶೇ 0.1 ಆಗಿದೆ. ಇವು ಖರ್ಚಲ್ಲ, ರಿಟರ್ನ್ ಸಲ್ಲಿಸಿ ಹೊಂದಿಸಿಕೊಳ್ಳುವ ಹಣ. ರಿಟರ್ನ್ ಹಾಕದವರಿಗೆ ಮಾತ್ರ ಅದು ನಷ್ಟ. ಮಂಡಕ್ಕಿಯಂಥ ಸರಕಿಗೆ ಇನ್ನೊಂದು ಸೂಕ್ಷ್ಮವಿದೆ. ಚೀಲದಿಂದ ತೆಗೆದು ಅಳೆದುಕೊಟ್ಟರೆ ಜಿಎಸ್‌ಟಿ ಇಲ್ಲ. 2022ರ ಜುಲೈ 18ರಿಂದ, ಲೇಬಲ್ ಹಚ್ಚಿ ಪ್ಯಾಕ್ ಮಾಡಿದ ಮಂಡಕ್ಕಿಗೆ ಶೇ 5. ಆನ್‌ಲೈನ್‌ನಲ್ಲಿ ಮಾರುವುದೆಲ್ಲ ಪ್ಯಾಕೆಟ್ಟೇ ಆದ್ದರಿಂದ ಪೇಟೆಯ ಬೆಲೆಯನ್ನು ಹಾಗೇ ಎತ್ತಿಟ್ಟರೆ ಲೆಕ್ಕ ತಪ್ಪುತ್ತದೆ.

ತಿನ್ನುವ ಸರಕಿಗೆ ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐನ 14 ಅಂಕಿಯ ಸಂಖ್ಯೆ, ನಿವ್ವಳ ತೂಕ, ತಯಾರಾದ ದಿನಾಂಕ, ಎಲ್ಲ ತೆರಿಗೆ ಸೇರಿದ ಗರಿಷ್ಠ ಬೆಲೆ ಪ್ಯಾಕೆಟ್ಟಿನ ಮೇಲಿರಬೇಕು. ಸಣ್ಣ ಉದ್ಯಮಗಳಿಗೆಂದು ಇರುವ ಉದ್ಯಮ್ ನೋಂದಣಿ ಸರ್ಕಾರದ ತಾಣದಲ್ಲಿ ಪೂರ್ತಿ ಉಚಿತ. ಅದಕ್ಕೆಂದು ಯಾರಾದರೂ ಹಣ ಕೇಳಿದರೆ ಕೊಡಬೇಡಿ.

ಬೆಳೆದಾಗ ಬತ್ತುವ ಕೈ

ಶುರುವಿನಲ್ಲಿ ಸೋತವರನ್ನು ಎಲ್ಲರೂ ಕಾಣುತ್ತಾರೆ. ಚೆನ್ನಾಗಿ ನಡೆಯುತ್ತಿದ್ದ ವ್ಯಾಪಾರ ಬೆಳೆಯುವಾಗಲೇ ನಿಂತುಹೋದದ್ದು ಹೊರಗಿನವರಿಗೆ ಅರ್ಥವಾಗುವುದಿಲ್ಲ. ಅಲ್ಲಿ ಕೊಲ್ಲುವುದು ದಿನಗಳ ಅಂತರ. ಶೇಂಗಾಕ್ಕೆ ದುಡ್ಡು ಇವತ್ತು ಕೊಡಬೇಕು. ಹುರಿದು, ಕುಟ್ಟಿ, ಕಳಿಸಿ, ಅದು ತಲುಪಿ, ವಾಪಸಾತಿಯ ಅವಧಿ ಮುಗಿದು ಆ್ಯಪಿನವರ ಹಣ ಬರಲು ಇಪ್ಪತ್ತು ದಿನ ಹಿಡಿಯಿತೆನ್ನಿ. ದಿನಕ್ಕೆ 10 ಪಾರ್ಸೆಲ್, ಒಂದಕ್ಕೆ 200 ರೂಪಾಯಿ ಹೊರಗೆ ಹೋಗುತ್ತದೆ ಎಂದಿಟ್ಟುಕೊಂಡರೆ ಯಾವಾಗಲೂ 40,000 ರೂಪಾಯಿ ದಾರಿಯ ಮೇಲಿರುತ್ತದೆ. ಮನೆಯ ಉಳಿತಾಯದಲ್ಲಿ ತೂಗಿಸಬಹುದು. ದಿನಕ್ಕೆ 40 ಪಾರ್ಸೆಲ್ ಆದ ದಿನ ದಾರಿಯ ಮೇಲಿರಬೇಕಾದದ್ದು 1,60,000. ಲಾಭವಿದೆ, ಆದರೆ ಲಾಭವೆಲ್ಲ ಕೊರಿಯರ್ ಗೋಡೌನಿನಲ್ಲಿದೆ. ಆಗ ಕೈಸಾಲ, ಮೀಟರ್ ಬಡ್ಡಿ. ಬಡ್ಡಿ ತಿಂಗಳಿಗೆ ನೂರಕ್ಕೆ ಐದಾದರೆ ಚಟ್ನಿಪುಡಿಯ ಉಳಿತಾಯ ಅದನ್ನು ಹೊರಲಾರದು.

ಈ ಹಂತಕ್ಕೆ ಬರುವ ಮೊದಲೇ ಬ್ಯಾಂಕಿನ ಮುಂದೆ ಹೋಗಿರಬೇಕು. ಮುದ್ರಾ ಸಾಲದಲ್ಲಿ 50,000ದವರೆಗೆ ಶಿಶು, 5 ಲಕ್ಷದವರೆಗೆ ಕಿಶೋರ್. ತಿಂಡಿ ತಿನಿಸು ತಯಾರಿಸುವವರಿಗೆ 2020ರಲ್ಲಿ ಶುರುವಾದ ಪಿಎಂಎಫ್‌ಎಂಇ ಯೋಜನೆ ಸಾಲಕ್ಕೆ ಜೋಡಿಸಿದ ಶೇ 35 ಸಹಾಯಧನವನ್ನು, ಗರಿಷ್ಠ 10 ಲಕ್ಷದವರೆಗೆ, ಇಟ್ಟಿತು. ಅದರ ಒಂದು ಜಿಲ್ಲೆ ಒಂದು ಉತ್ಪನ್ನ ಪಟ್ಟಿಯಲ್ಲಿ ಚಿತ್ರದುರ್ಗಕ್ಕೆ ಶೇಂಗಾ, ದಾವಣಗೆರೆಗೆ ಸಿರಿಧಾನ್ಯ. ಇವತ್ತಿನ ಸ್ಥಿತಿಯನ್ನು ಜಿಲ್ಲೆಯ ಕೃಷಿ ಇಲಾಖೆಯಲ್ಲಿ ವಿಚಾರಿಸಿ ಮುಂದುವರಿಯಬೇಕು. ಬ್ಯಾಂಕಿನವರು ಕೇಳುವುದು ಹನ್ನೆರಡು ತಿಂಗಳ ಖಾತೆಯ ವಹಿವಾಟನ್ನು. ಬೇರೆ ಖಾತೆ ತೆರೆದವರಿಗೆ ಅದು ಒಂದು ಪ್ರಿಂಟು. ಎಲ್ಲ ಬೆರೆಸಿಕೊಂಡವರಿಗೆ ಹೇಳಿ ನಂಬಿಸಲಾಗದ ಕಥೆ.

ಹೆಸರಿನ ವಿಚಾರವೂ ಈ ಹೊತ್ತಿನದೇ. ಬೆಣ್ಣೆ ದೋಸೆಯ ಜತೆ 'ದಾವಣಗೆರೆ' ಎಂಬ ಬೋರ್ಡು ಇಲ್ಲದ ಬಡಾವಣೆ ಬೆಂಗಳೂರಿನಲ್ಲಿ ಹುಡುಕಬೇಕು. ಆ ಹೆಸರಿನಿಂದ ಊರಿಗೆ ಕೀರ್ತಿ ಬಂದಿದೆ. ಆದರೆ ಊರಿನ ಹೆಸರು ಎಲ್ಲರದೂ ಆದ್ದರಿಂದ ಯಾರ ಒಬ್ಬರ ಸೊತ್ತೂ ಅಲ್ಲ. ಟ್ರೇಡ್‌ಮಾರ್ಕ್ ಕಾಯ್ದೆಯಲ್ಲೂ ಬರೀ ಊರನ್ನು ಸೂಚಿಸುವ ಹೆಸರಿಗೆ ಸಾಮಾನ್ಯವಾಗಿ ನೋಂದಣಿ ಸಿಗುವುದಿಲ್ಲ. ನಮ್ಮ ಹುಡುಗರು ಪುಟ ತೆರೆಯುವಾಗ 'ದಾವಣಗೆರೆ ಸ್ಪೆಷಲ್', 'ದುರ್ಗದ ರುಚಿ' ಎಂದೇ ಇಡುತ್ತಾರೆ. ಮೂರು ವರ್ಷ ಕಷ್ಟಪಟ್ಟು ಹೆಸರು ಬೆಳೆಸಿದ ಮೇಲೆ ಅದನ್ನೇ ಇನ್ನೊಬ್ಬರು ಇಟ್ಟುಕೊಂಡರೆ ತಡೆಯಲು ಆಗದು. ಮೊದಲ ದಿನವೇ ತಮ್ಮದೇ ಒಂದು ಹೆಸರು ಹುಡುಕಿ, ಊರಿನ ಹೆಸರನ್ನು ಅದರ ಕೆಳಗೆ ಹಾಕಿಕೊಳ್ಳುವುದು ಲೇಸು. ಒಬ್ಬ ವ್ಯಕ್ತಿಗೆ ಅಥವಾ ಸಣ್ಣ ಉದ್ಯಮಕ್ಕೆ ಒಂದು ವರ್ಗದ ಅರ್ಜಿಗೆ ಆನ್‌ಲೈನ್ ಶುಲ್ಕ 4,500 ರೂಪಾಯಿ, ನೋಂದಣಿ ಹತ್ತು ವರ್ಷಕ್ಕೆ. ಹಬ್ಬದ ತಿಂಗಳಲ್ಲಿ ಜಾಹೀರಾತಿಗೆ ಸುರಿದದ್ದಕ್ಕಿಂತ ಕಡಿಮೆ.

ಅತ್ತಿಗೆಯ ನೋಟ್‌ಬುಕ್ಕನ್ನು ಮೊನ್ನೆ ಮತ್ತೆ ನೋಡಿದೆ. ಕಳೆದ ತಿಂಗಳು ಹೊರಟದ್ದು 180 ಪಾರ್ಸೆಲ್, ದೀಪಾವಳಿಗಿಂತ 120 ಕಡಿಮೆ. ಅದರಲ್ಲಿ 110 ಜೋಡಿ, 70 ಒಂಟಿ. ವಾಪಸಾದದ್ದು ಒಂಟಿಯಲ್ಲಿ ನಾಲ್ಕು. ಜೋಡಿಯಿಂದ 15,950, ಉಳಿದ ಒಂಟಿ 66ರಿಂದ 2,640, ವಾಪಸಾತಿಗೆ ಹೋದದ್ದು 1,000. ಕೈಗೆ ನಿಂತದ್ದು 17,590. ಅದರ ಕೆಳಗೆ ಹೊಸದಾಗಿ ಗೆರೆ ಎಳೆದು ಒಂದು ಕಾಲಮ್ ಮಾಡಿದ್ದರು: 'ನನ್ನ ಕೂಲಿ, 26 ದಿನ, ದಿನಕ್ಕೆ 400, ಒಟ್ಟು 10,400.' ಉಳಿದದ್ದು 7,190. "ಪಕ್ಕದ್ಮನೆ ಅಕ್ಕನ್ನ ಪ್ಯಾಕಿಂಗಿಗೆ ಕರೀಬೇಕು ಅಂತ ಮಾಡೀನಿ. ನಂಗೆ ಬರ್ಕೊಂಡಷ್ಟೇ ಕೂಲಿ ಅವ್ರಿಗೂ ಕೊಡ್ಬೇಕಲ್ಲಪ್ಪ, ಅದಕ್ಕೆ ಇನ್ನೆಷ್ಟು ಜೋಡಿ ಮಾರ್ಬೇಕು ಲೆಕ್ಕ ಹಾಕು" ಎಂದು ಪೆನ್ನು ಕೊಟ್ಟರು. ಎಪ್ಪತ್ತೆರಡು ಜೋಡಿ ಎಂದು ಬಂತು.